ಉಚಿತ ಎಂದರೂ ಎಷ್ಟು ದಿನದ ಕೂಲಿ ಹೋಗುತ್ತದೆ? ಕೊಡಗಿನ ಕೂಲಿ ಮನೆಗಳಿಗೆ ಉದ್ಯೋಗ ಯೋಜನೆಗಳ ಹೋಲಿಕೆ

ಕಾಫಿ ಕೊಯ್ಯುವ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ರೊಬಸ್ಟಾ ಕೊಯ್ಲು ಶುರುವಾಗಿ ಎರಡು ವಾರ ಕಳೆಯುವುದರೊಳಗೆ ಹೆಬ್ಬೆರಳು, ತೋರುಬೆರಳುಗಳ ತುದಿ ಕಪ್ಪಾಗಿ, ಅಂಟು ಹಿಡಿದು, ಬಿರುಕು ಬಿಟ್ಟಿರುತ್ತದೆ. ಬೆರಳಿನ ಗೆರೆಗಳೇ ಕಾಣುವುದಿಲ್ಲ. ಸಿದ್ದಾಪುರದ ಕಡೆಯ ನಮ್ಮ ಒಕ್ಕೂಟದ ಸದಸ್ಯೆಯೊಬ್ಬರು ಅಂಥ ಕೈಯಲ್ಲಿ ಉದ್ಯೋಗ ಖಾತರಿಯ ಕೂಲಿ ತೆಗೆಯಲು ಹೋಗಿ ಮೂರು ಸಲ ಯಂತ್ರದ ಮೇಲೆ ಬೆರಳಿಟ್ಟರು. ಮೂರು ಸಲವೂ ಯಂತ್ರ ಒಪ್ಪಲಿಲ್ಲ. ಮರುದಿನ ಪೇಟೆಯ ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು, ಚೀಟಿ ತುಂಬಿಸಿ ಹಣ ತಂದರು. ಸಂಜೆ ನನ್ನ ಬಳಿ ಸಂಘದ ಕಂತು ಕಟ್ಟುವಾಗ ಕೇಳಿದರು: "ಅಕ್ಕಾ, ಬಂದದ್ದನ್ನು ಬರೆದಿರಿ. ಇದನ್ನು ತರಲು ಎರಡು ದಿನದ ಕೂಲಿ ಹೋಯಿತಲ್ಲ, ಅದನ್ನು ಎಲ್ಲಿ ಬರೆಯುತ್ತೀರಿ?"

ಅದನ್ನು ಬರೆಯಲು ಒಕ್ಕೂಟದ ಲೆಕ್ಕ ಬರೆಯುವ ನನ್ನ ಪುಸ್ತಕದಲ್ಲಿ ಜಾಗವಿರಲಿಲ್ಲ. ಅಂದೇ ಸ್ಕೇಲಿಟ್ಟು ಒಂದು ಗೆರೆ ಎಳೆದು, ಮೇಲೆ 'ತಪ್ಪಿದ ಕೂಲಿ' ಎಂದು ಬರೆದೆ. ಅಂದಿನಿಂದ ಯಾರು ಯಾವ ಯೋಜನೆಗೆ ಅರ್ಜಿ ಹಾಕಿದರೂ ಆ ಕಾಲಂ ತುಂಬುತ್ತಿದ್ದೇನೆ. ಈ ಹೋಲಿಕೆ ಆ ಕಾಲಂನಿಂದ ಹುಟ್ಟಿದ್ದು.

ಗ್ರಾಮಸಭೆಯಲ್ಲಿ ಯೋಜನೆಗಳ ಬಗ್ಗೆ ಮಾತನಾಡುವವರು ಕೊಡುವುದನ್ನು ಹೇಳುತ್ತಾರೆ: ಇಷ್ಟು ಸಹಾಯಧನ, ಇಷ್ಟು ತಿಂಗಳ ತರಬೇತಿ, ಊಟ ವಸತಿ ಉಚಿತ. ಯಾವುದೂ ಸುಳ್ಳಲ್ಲ. ಆದರೆ ಲೈನ್‌ಮನೆಯಲ್ಲಿ, ಅಂದರೆ ತೋಟದವರು ಕೂಲಿಯವರಿಗೆ ಕೊಟ್ಟ ಸಾಲುಮನೆಯಲ್ಲಿ, ಇರುವ ಕುಟುಂಬ ಕೇಳುವ ಪ್ರಶ್ನೆ ಬೇರೆ. ಇದನ್ನು ಹಿಡಿದರೆ ಈ ತಿಂಗಳ ಸಾಮಾನು, ಸಂಘದ ಕಂತು, ಮಕ್ಕಳ ಬಸ್ಸಿನ ಖರ್ಚು ಎಲ್ಲಿಂದ ಬರಬೇಕು? ಸರ್ಕಾರ ಖರ್ಚು ಮಾಡುವುದು ಒಂದು ಕಡೆ. ಕೆಲಸ ಹುಡುಕುವವರು ತಮ್ಮ ಕೈಯಿಂದ ಕಟ್ಟುವುದು ಇನ್ನೊಂದು ಕಡೆ. ಎರಡನೆಯದನ್ನು ಯಾರೂ ಫಲಕದಲ್ಲಿ ಬರೆಸುವುದಿಲ್ಲ.

ಲೆಕ್ಕಕ್ಕೆ ಒಂದು ಅಳತೆ ಬೇಕು. ತೋಟದ ದಿನಗೂಲಿ 450 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ತೋಟದಲ್ಲಿ ಹೆಚ್ಚೋ ಕಡಿಮೆಯೋ ಇದ್ದರೆ ಆ ಸಂಖ್ಯೆ ಹಾಕಿಕೊಳ್ಳಿ. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವವರು ಕೊಯ್ಲಿನ ಕಾಲದಲ್ಲಿ ಇದಕ್ಕಿಂತ ಹೆಚ್ಚು ದುಡಿಯುತ್ತಾರೆ, ಅದೂ ನಿಜ. ಅರೇಬಿಕಾ, ಆಮೇಲೆ ರೊಬಸ್ಟಾ, ಅದರ ಹಿಂದೆಯೇ ಕಾಳುಮೆಣಸು. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 25 ದಿನ ಕೆಲಸವಿದೆ ಎನ್ನೋಣ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ 12 ದಿನ ಸಿಕ್ಕರೆ ದೊಡ್ಡದು. ಹೀಗಾಗಿ ಒಂದೇ ಯೋಜನೆಗೆ ಕೊಡಗಿನಲ್ಲಿ ಎರಡು ಬೆಲೆ. ಕೊಯ್ಲಿನ ಕಾಲದ ಬೆಲೆ ಒಂದು, ಮಳೆಗಾಲದ ಬೆಲೆ ಇನ್ನೊಂದು. ಯಾವ ಯೋಜನೆ ಒಳ್ಳೆಯದು ಎಂದು ಕೇಳಿದರೆ ನಾನು ಮೊದಲು ಕೇಳುವುದು, ಈಗ ಯಾವ ತಿಂಗಳು ಎಂದು.

ಉದ್ಯೋಗ ಖಾತರಿ

2005ರ ಕಾಯ್ದೆಯ ಪ್ರಕಾರ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ (ಇದರ ಜಾಗಕ್ಕೆ ಅಂಗೀಕಾರವಾದ ಹೊಸ ಕಾಯ್ದೆಯ ಮಾತು ಈ ಭಾಗದ ಕೊನೆಗಿದೆ). ಕರ್ನಾಟಕದಲ್ಲಿ 2025–26ನೇ ಸಾಲಿಗೆ ದಿನಕ್ಕೆ 370 ರೂಪಾಯಿ. ನೂರು ದಿನವೂ ಸಿಕ್ಕರೆ 37,000. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ತೋಟಗಳಲ್ಲಿ ಇಂದಿಗೂ ಎರಡು ದರ ನೋಡುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಜನವರಿಯಲ್ಲಿ ಇದನ್ನು ಆರಿಸಿಕೊಂಡರೆ ದಿನಕ್ಕೆ 80 ರೂಪಾಯಿ ನಷ್ಟ, ಕೆ.ಜಿ. ಲೆಕ್ಕದವರಿಗೆ ಇನ್ನೂ ಹೆಚ್ಚು. ಜುಲೈಯಲ್ಲಿ ಇದೇ 370 ರೂಪಾಯಿ ಪೂರ್ತಿ ಲಾಭ, ಏಕೆಂದರೆ ಆ ದಿನ ಬೇರೆ ಕೂಲಿಯೇ ಇರುವುದಿಲ್ಲ. ಆದರೆ ನಮ್ಮ ಜುಲೈ ಮಳೆಯಲ್ಲಿ ಮಣ್ಣಿನ ಕೆಲಸ ನಡೆಯುವುದಿಲ್ಲ. ಅಗೆದ ಗುಂಡಿ ಮರುದಿನ ನೀರು ತುಂಬಿ ಕುಸಿದಿರುತ್ತದೆ. ಆದ್ದರಿಂದ ನಮ್ಮ ಸದಸ್ಯೆಯರಿಗೆ ನಾನು ಹೇಳುವುದು: ಮೆಣಸು ಕೊಯ್ಲು ಮುಗಿಯುವ ಮುಂಚೆಯೇ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿ ಕೊಟ್ಟು ಏಪ್ರಿಲ್, ಮೇ ತಿಂಗಳ ಕೆಲಸ ಹಿಡಿಯಿರಿ. ಮಳೆ ಶುರುವಾದ ಮೇಲೆ ಗಿಡ ನೆಡುವ ಕೆಲಸ, ನರ್ಸರಿ ಕೆಲಸ ಕೇಳಿ. ಮತ್ತೆ ಸೆಪ್ಟೆಂಬರ್ ಕೊನೆಗೆ ಅರ್ಜಿ ಕೊಡಿ. ಕೊಟ್ಟಾಗ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಪಡೆಯದೆ ಪಂಚಾಯಿತಿಯ ಮೆಟ್ಟಿಲು ಇಳಿಯಬೇಡಿ. ಆ ಚೀಟಿ ಇದ್ದರೆ ಮಾತ್ರ 15 ದಿನದೊಳಗೆ ಕೆಲಸ ಕೊಡದಿದ್ದಾಗ ನಿರುದ್ಯೋಗ ಭತ್ಯೆ ಕೇಳಬಹುದು. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಅಂದರೆ ದಿನಕ್ಕೆ 92 ರೂಪಾಯಿ 50 ಪೈಸೆ. ಆಮೇಲೆ ಅರ್ಧ. ಕೆಲಸದ ಜಾಗ 5 ಕಿ.ಮೀ.ಗಿಂತ ದೂರವಿದ್ದರೆ ಶೇ 10 ಹೆಚ್ಚುವರಿ ಸಿಗಬೇಕು.

ಈಗ ಇದರ ಬೆಲೆ ನೋಡೋಣ. ಮೊದಲನೆಯದು ಕಾಯುವುದು. ಕೆಲಸ ಮುಗಿದ 15 ದಿನದೊಳಗೆ ಕೂಲಿ ಖಾತೆಗೆ ಬರಬೇಕು, ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಕೇಳಲು ಚೆನ್ನಾಗಿದೆ. ಆರು ದಿನದ ಕೂಲಿ 2,220 ರೂಪಾಯಿ ಒಂದು ತಿಂಗಳು ತಡವಾದರೆ ಪರಿಹಾರ ಎಷ್ಟು? 33 ರೂಪಾಯಿ. ಆ ಒಂದು ತಿಂಗಳು ಅಂಗಡಿಯಲ್ಲಿ ಸಾಲ ಹೇಳಿ ತಂದ ಅಕ್ಕಿಯ ಮುಂದೆ ಇದು ಏನೂ ಅಲ್ಲ. ಕೈಯಲ್ಲಿ ಮೂರು ವಾರದ ಖರ್ಚಿಗೆ ಏನೂ ಇಲ್ಲದ ಮನೆಯವರು, ಮನೆಯ ಒಬ್ಬರನ್ನು ಇದಕ್ಕೆ ಕಳಿಸಿ ಇನ್ನೊಬ್ಬರು ಅಂದಂದಿನ ಕೂಲಿಗೆ ಹೋಗುವುದೇ ಸರಿ.

ಎರಡನೆಯದು ಫೋಟೊ. ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿ ಕೆಲಸದ ಜಾಗದಿಂದಲೇ ಫೋಟೊ ಸಹಿತ ಹಾಕಬೇಕು. ಭಾಗಮಂಡಲದ ಆಚೆ, ಕುಟ್ಟದ ಅಂಚಿನಲ್ಲಿ, ಗಾಳಿಬೀಡಿನ ಮೇಲೆ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಗುಂಪಿನ ಕೆಲಸ ನೋಡಿಕೊಳ್ಳುವ ನಮ್ಮ ಕಾಯಕ ಬಂಧು ಫೋಟೊ ತೆಗೆದು, ಗುಡ್ಡ ಹತ್ತಿ, ಫೋನನ್ನು ತಲೆಯ ಮೇಲೆ ಹಿಡಿದು ನಿಲ್ಲುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರನೆಯದು ಅಳತೆ. ಕೂಲಿ ಬರುವುದು ಅಳತೆಯ ಮೇಲೆ. ಗುಂಪಿನ ಕೆಲಸ ಅಳತೆಗಿಂತ ಕಡಿಮೆಯಾದರೆ 370 ಬರುವುದಿಲ್ಲ. ಗಟ್ಟಿ ಕಲ್ಲುಮಣ್ಣಿನ ಜಾಗ ಸಿಕ್ಕರೆ ಕೆಲಸ ಶುರುವಾಗುವ ಮೊದಲೇ ಅದನ್ನು ಎಂಜಿನಿಯರ್ ಗಮನಕ್ಕೆ ತನ್ನಿ, ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಲೈನ್‌ಮನೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಜಾಬ್ ಕಾರ್ಡ್ ಸಿಗುವುದು ಪಂಚಾಯಿತಿಯ ವ್ಯಾಪ್ತಿಯಲ್ಲಿ ವಾಸವಿರುವ ಕುಟುಂಬಕ್ಕೆ. ಮನೆ ಸ್ವಂತದ್ದೇ ಆಗಿರಬೇಕೆಂದಿಲ್ಲ, ತೋಟದ ಮಾಲೀಕರ ಒಪ್ಪಿಗೆಯೂ ಬೇಕಿಲ್ಲ. ಯರವ, ಪಣಿಯ, ಜೇನುಕುರುಬ ಬುಡಕಟ್ಟಿನ ಕುಟುಂಬಗಳು ಇದನ್ನು ತಿಳಿಯದೆ ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ನೋಡಿದ್ದೇನೆ. ಆದರೆ ಹಕ್ಕು ಇದೆ ಎಂದ ಮಾತ್ರಕ್ಕೆ ಬೆಲೆ ಇಲ್ಲವೆಂದಲ್ಲ. ತೋಟದ ಕೆಲಸಕ್ಕೆ ಬರುವವರೆಗೆ ಮಾತ್ರ ಮನೆ ಎಂಬ ಕರಾರಿನಲ್ಲಿ ಇರುವವರು, ಹದಿನೈದು ದಿನ ಪಂಚಾಯಿತಿ ಕೆಲಸಕ್ಕೆ ಹೋದರೆ ತೋಟದ ಹಾಜರಿ, ಕೂಲಿ ನೋಡುವ ರೈಟರ್ ಏನನ್ನುತ್ತಾರೋ ಎಂಬ ಭಯದಲ್ಲೇ ಹಿಂದೆ ಸರಿಯುತ್ತಾರೆ. ಈ ಭಯಕ್ಕೆ ನನ್ನ ಕಾಲಂನಲ್ಲಿ ಸಂಖ್ಯೆ ಇಲ್ಲ. ತೋಟದಲ್ಲಿ ಕೆಲಸ ಕಡಿಮೆಯಿರುವ ವಾರಗಳನ್ನೇ ಆರಿಸಿಕೊಂಡು, ಮುಂಚೆಯೇ ರೈಟರ್ ಬಳಿ ಹೇಳಿ ಹೋಗುವುದು ಇದುವರೆಗೆ ನಮ್ಮವರಿಗೆ ಕೈಹಿಡಿದಿದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ವಿಬಿ–ಜಿ ರಾಮ್ ಜಿ ಎಂದು ಪತ್ರಿಕೆಗಳಲ್ಲಿ ಬಂದದ್ದು ಅದೇ. 100 ದಿನದ ಬದಲು 125 ದಿನ. 370ರ ದರದಲ್ಲೇ ಲೆಕ್ಕ ಹಾಕಿದರೂ 46,250 ರೂಪಾಯಿ. ಆದರೆ ಎರಡು ಬದಲಾವಣೆಗಳನ್ನು ನಾವು ಕಣ್ಣಿಟ್ಟು ನೋಡಬೇಕು. ಹಳೆಯ ಕಾಯ್ದೆಯಲ್ಲಿ ಕೂಲಿಯ ಹಣವನ್ನೆಲ್ಲ ಕೇಂದ್ರವೇ ಕೊಡುತ್ತಿತ್ತು, ಸಾಮಗ್ರಿ ವೆಚ್ಚದ ಕಾಲು ಭಾಗ ಮಾತ್ರ ರಾಜ್ಯದ್ದು. ಹೊಸದರಲ್ಲಿ ನಮ್ಮಂಥ ರಾಜ್ಯಗಳು ಶೇ 40 ಹಾಕಬೇಕು. ಒಂದು ದಿನದ 370ರಲ್ಲಿ 148 ರೂಪಾಯಿ ಬೆಂಗಳೂರಿನಿಂದ ಬರಬೇಕು. ಆ ಹಣ ಸಮಯಕ್ಕೆ ಬಾರದಿದ್ದರೆ ಕಾಯುವವರು ಯಾರು ಎಂದು ನಮಗೆ ಗೊತ್ತು. ಎರಡನೆಯದಾಗಿ, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಬಯಲುಸೀಮೆಯ ಬಿತ್ತನೆ ನೋಡಿಕೊಂಡು ಆ 60 ದಿನವನ್ನು ಜೂನ್, ಜುಲೈಗೆ ಹಾಕಿದರೆ ಕೊಡಗಿನ ಕೂಲಿಯವರಿಗೆ ತೋಟದಲ್ಲೂ ಇಲ್ಲ, ಪಂಚಾಯಿತಿಯಲ್ಲೂ ಇಲ್ಲ ಎಂಬಂತಾಗುತ್ತದೆ. ನಮ್ಮ ಜಿಲ್ಲೆಗೆ ಆ 60 ದಿನ ಕಾಫಿ ಕೊಯ್ಲಿನ ತಿಂಗಳಿನಲ್ಲೇ ಇರಬೇಕು. ಇದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

ಪಿಎಫ್ (ಭವಿಷ್ಯ ನಿಧಿ) ಇರುವ ಕೆಲಸ ಮತ್ತು ಅದರ ಪ್ರೋತ್ಸಾಹಧನ

ಇದು ನಮ್ಮ ಕಡೆ ತೀರಾ ಕಡಿಮೆ ಜನಕ್ಕೆ ಗೊತ್ತಿರುವ ಯೋಜನೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಕೆಲಸಗಳಿಗೆ ಅನ್ವಯಿಸುತ್ತದೆ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ವೇತನದಷ್ಟು, ಹೆಚ್ಚೆಂದರೆ 15,000 ರೂಪಾಯಿ. ಎರಡು ಕಂತು: ಆರು ತಿಂಗಳು ಕೆಲಸ ಮಾಡಿದ ಮೇಲೆ ಒಂದು, 12 ತಿಂಗಳು ಮುಗಿಸಿ ಹಣಕಾಸು ಸಾಕ್ಷರತೆಯ ತರಬೇತಿಯನ್ನೂ ಪೂರೈಸಿದ ಮೇಲೆ ಇನ್ನೊಂದು. ಒಂದು ಭಾಗ ಕೆಲ ಕಾಲ ಉಳಿತಾಯದ ಠೇವಣಿಯಲ್ಲಿ ಇರುತ್ತದೆ. ಮಾಲೀಕರಿಗೂ ಇದೆ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರದೊಳಗಿನ ವೇತನದ ಹೊಸ ಕೆಲಸಗಾರರಿಗೆ ತಿಂಗಳಿಗೆ 2,000 ರೂಪಾಯಿಯಂತೆ ಎರಡು ವರ್ಷ, ತಯಾರಿಕಾ ಘಟಕಗಳಿಗೆ ಮತ್ತೆರಡು ವರ್ಷ. ಎರಡು ವರ್ಷಕ್ಕೆ 48,000. ನಿಮ್ಮನ್ನು ಸೇರಿಸಿಕೊಂಡದ್ದರಿಂದ ಎದುರಿಗೆ ಕುಳಿತವರಿಗೂ ಇಷ್ಟು ಬರುತ್ತದೆ ಎಂದು ತಿಳಿದುಕೊಂಡೇ ಸಂಬಳದ ಮಾತಾಡಿ.

ಸುಂಟಿಕೊಪ್ಪದ ಒಬ್ಬ ಹುಡುಗಿ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಒಂದು ಘಟಕಕ್ಕೆ 13,000 ರೂಪಾಯಿ ಸಂಬಳಕ್ಕೆ ಸೇರಿದಳು ಎನ್ನಿ. ಪಿಎಫ್‌ಗೆ ಶೇ 12, ಅಂದರೆ 1,560 ಕಡಿತ. ದಿನಕ್ಕೆ 50 ರೂಪಾಯಿ ಬಸ್ಸು ಎಂದರೆ 1,300. ಕೈಗೆ ಉಳಿಯುವುದು 10,140. ಜನವರಿಯಲ್ಲಿ ತೋಟದಲ್ಲಿ ಅವಳ ತಾಯಿ 11,250 ತರುತ್ತಾಳೆ. ಅದಕ್ಕೇ ನಮ್ಮ ಮನೆಗಳಲ್ಲಿ "ತೋಟವೇ ವಾಸಿ" ಎಂಬ ಮಾತು ಬರುವುದು. ಆದರೆ ವರ್ಷ ಪೂರ್ತಿ ನೋಡಿ. ತೋಟದಲ್ಲಿ 240 ದಿನ ಕೂಲಿ ಸಿಕ್ಕಿತು ಎಂದರೆ 1,08,000. ಘಟಕದಲ್ಲಿ ಕೈಗೆ 1,21,680, ಅದರ ಮೇಲೆ ಪ್ರೋತ್ಸಾಹಧನ 13,000, ಪಿಎಫ್‌ನಲ್ಲಿ ತನ್ನ ಪಾಲಿನದೇ 18,720. ಜನವರಿ ತಿಂಗಳೊಂದನ್ನೇ ಹಿಡಿದು ಅಳೆದರೆ ಸೋಲುವ ಈ ಕೆಲಸ ವರ್ಷದ ಲೆಕ್ಕದಲ್ಲಿ ಗೆಲ್ಲುತ್ತದೆ. ಬಾಣಂತನ, ಕಾಯಿಲೆ, ಮಳೆ ಯಾವುದಕ್ಕೂ ಮುಂಗಡದ ಸಾಲ ಬೇಡಬೇಕಾಗಿಲ್ಲ ಎಂಬುದನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೂ ಇಲ್ಲ.

ಬಸ್ಸಿನ ಮಾತು ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣ. ಮೈಸೂರಿನವರು ಬಸ್ಸಿನ ಖರ್ಚು ಶೂನ್ಯ ಎಂದು ಬರೆದುಕೊಳ್ಳಬಹುದು. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಬಹಳ ಕಡೆ ಓಡುವುದು ಖಾಸಗಿ ಬಸ್ಸು. ಪಾಳಿಯ ಸಮಯಕ್ಕೆ ಸರ್ಕಾರಿ ಬಸ್ಸು ಇದೆಯೇ ಎಂದು ಕೆಲಸಕ್ಕೆ ಒಪ್ಪುವ ಮುಂಚೆ ಒಂದು ದಿನ ನಿಂತು ನೋಡಿ. ತಿಂಗಳಿಗೆ ಮೂರು ದಿನದ ಕೂಲಿ ಅಲ್ಲೇ ಉಳಿಯುತ್ತದೆ ಅಥವಾ ಹೋಗುತ್ತದೆ.

ರೆಸಾರ್ಟ್, ಹೋಮ್‌ಸ್ಟೇಗಳ ಕೆಲಸದಲ್ಲಿ ಒಂದು ಉರುಳು ಇದೆ. ಜನವರಿಯಲ್ಲಿ ಸೇರಿಸಿಕೊಂಡು, ಮಳೆ ಹಿಡಿದು ಪ್ರವಾಸಿಗರು ಕಡಿಮೆಯಾದಾಗ ಜೂನ್‌ನಲ್ಲಿ ಬಿಡಿಸಿದರೆ ಐದು ತಿಂಗಳಾಗಿರುತ್ತದೆ, ಮೊದಲ ಕಂತೂ ಸಿಗುವುದಿಲ್ಲ. ಅಂಥ ಕೆಲಸವಾದರೆ ಅಕ್ಟೋಬರ್‌ನಲ್ಲೇ ಸೇರಿ, ಮಾರ್ಚ್ ಕೊನೆಗೆ ಆರು ತಿಂಗಳು ತುಂಬುತ್ತದೆ. ಸಣ್ಣ ಹೋಮ್‌ಸ್ಟೇಗಳಿಗೆ ಪಿಎಫ್ ನೋಂದಣಿಯೇ ಇಲ್ಲದಿರಬಹುದು. ಹಾಗಿದ್ದರೆ ಈ ಹಣದ ಮಾತೇ ಇಲ್ಲ. ಹಿಂದೆ ಯಾವುದೋ ತೋಟದಲ್ಲಿ ನಿಮ್ಮ ಹೆಸರಿನಲ್ಲಿ ಪಿಎಫ್ ಕಟ್ಟಿದ್ದರೂ 'ಮೊದಲ ಸಲ' ಎಂಬುದು ತಪ್ಪುತ್ತದೆ. ಅದನ್ನು ಮೊದಲೇ ನೋಡಿಕೊಳ್ಳಿ.

ತರಬೇತಿ

ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ 2014ರಲ್ಲಿ ಶುರುವಾದದ್ದು. 15ರಿಂದ 35 ವರ್ಷದವರಿಗೆ, ಹೆಂಗಸರಿಗೆ ಮತ್ತು ಜೇನುಕುರುಬರಂಥ ವಿಶೇಷ ದುರ್ಬಲ ಬುಡಕಟ್ಟಿನವರಿಗೆ 45ರವರೆಗೆ. ಕಲಿಕೆ, ಊಟ, ವಸತಿಗೆ ಹಣ ಕಟ್ಟಬೇಕಾಗಿಲ್ಲ. ಮುಗಿದ ಮೇಲೆ ಕೆಲಸ ಕೊಡಿಸುವ ಹೊಣೆ ತರಬೇತಿ ಕೊಟ್ಟವರದು. ನಾಲ್ಕು ತಿಂಗಳ ಕೋರ್ಸಿಗೆ ನವೆಂಬರ್‌ನಲ್ಲಿ ಹೊರಟರೆ ತಪ್ಪಿದ ಕೂಲಿ 100 ದಿನ, 45,000 ರೂಪಾಯಿ. ಅದೇ ಕೋರ್ಸಿಗೆ ಜೂನ್‌ನಲ್ಲಿ ಹೊರಟರೆ 48 ದಿನ, 21,600. ಕೋರ್ಸು ಒಂದೇ, ಬೆಲೆ ಅರ್ಧಕ್ಕಿಂತ ಕಡಿಮೆ. ಕೊಯ್ಲಿನ ನಡುವೆ ಮಕ್ಕಳನ್ನು ಕಳಿಸಿ, ಎರಡನೇ ತಿಂಗಳಿಗೆ ಮನೆಯಲ್ಲಿ ಕೈ ಸಾಲದಾಗಿ ವಾಪಸು ಕರೆಸಿಕೊಂಡವರನ್ನು ಕಂಡು ನನಗೆ ಸಂಕಟವಾಗಿದೆ. ಆ ಮಕ್ಕಳಿಗೆ ಕೂಲಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ.

ನಿಜವಾದ ಖರ್ಚು ಶುರುವಾಗುವುದು ಕೆಲಸ ಸಿಕ್ಕ ಮೇಲೆ. ಬೆಂಗಳೂರಿನಲ್ಲಿ 14,000 ಸಂಬಳ ಎಂದರೆ ಲೈನ್‌ಮನೆಯಲ್ಲಿ ಹಬ್ಬ. ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಮೊದಲ ಮೂರು ತಿಂಗಳು ಮನೆಯಿಂದಲೇ ಹಣ ಕಳಿಸಬೇಕಾದೀತು. ಯೋಜನೆಯ ಮಾರ್ಗಸೂಚಿಯಲ್ಲಿ ಇದಕ್ಕೆಂದೇ ತಿಂಗಳಿಗೆ 1,000 ರೂಪಾಯಿ ಇದೆ: ಸ್ವಂತ ಜಿಲ್ಲೆಯಲ್ಲಿ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗೆ ಮೂರು, ಹೊರರಾಜ್ಯದಲ್ಲಿ ಆರು. ಇದನ್ನು ಕೇಳಿ ಪಡೆಯಬೇಕು. ಸೇರುವ ಮುಂಚೆಯೇ ತರಬೇತಿ ಕೇಂದ್ರದವರನ್ನು ಮೂರು ಪ್ರಶ್ನೆ ಕೇಳಿ: ಕಳೆದ ತಂಡದ ಹುಡುಗಿಯರು ಈಗ ಎಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಫೋನಿನಲ್ಲಿ ಮಾತನಾಡಿಸುತ್ತೀರಾ, ಕೈಗೆ ಎಷ್ಟು ಬರುತ್ತಿದೆ. ಮಾತನಾಡಿಸಲು ಹಿಂಜರಿಯುವ ಕಡೆಗೆ ನಾನು ನಮ್ಮ ಮಕ್ಕಳನ್ನು ಕಳಿಸುವುದಿಲ್ಲ.

ಊರು ಬಿಡಲು ಆಗದವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಇದರ ಮಾದರಿ ಹುಟ್ಟಿದ್ದು ನಮ್ಮ ಘಟ್ಟದ ಕೆಳಗೆ ಉಜಿರೆಯಲ್ಲಿ, 1982ರಲ್ಲಿ. ಹೊಲಿಗೆ, ಜೇನು ಸಾಕಣೆ, ಮೊಬೈಲ್ ರಿಪೇರಿಯಂಥ ಕೋರ್ಸುಗಳು ಕೆಲವು ದಿನಗಳಿಂದ ಆರೇಳು ವಾರಗಳವರೆಗೆ ಇರುತ್ತವೆ. ಊಟ ವಸತಿ ಸಹಿತ ಉಚಿತ. ಜುಲೈಯಲ್ಲಿ ಹೋದರೆ ಒಂದು ತಿಂಗಳ ಕೋರ್ಸಿಗೆ 12 ದಿನದ ಕೂಲಿ. ಇಷ್ಟು ಅಗ್ಗದ ಕಲಿಕೆ ಅಪರೂಪ. ಆದರೆ ಕೆಲಸ ಕೊಡುವವರು ಯಾರೂ ಇರುವುದಿಲ್ಲ, ಕಲಿತದ್ದನ್ನು ಹಿಡಿದು ಸಾಲದ ಬಾಗಿಲಿಗೆ ಹೋಗಬೇಕು. ಆ ಬಾಗಿಲಿನ ಮಾತು ಕೆಳಗಿದೆ.

ಅಪ್ರೆಂಟಿಸ್

ಅಪ್ರೆಂಟಿಸ್ ಎಂದರೆ ಕೆಲಸದ ಜಾಗದಲ್ಲೇ ಭತ್ಯೆ ಪಡೆದು ಕಸುಬು ಕಲಿಯುವವರು. 2019ರ ನಿಯಮದಂತೆ ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ ತಿಂಗಳ ಭತ್ಯೆ ಕನಿಷ್ಠ 5,000, ಹತ್ತನೇ ತರಗತಿಗೆ 6,000, ಪದವೀಧರರಿಗೆ 9,000. ಇದರಲ್ಲಿ ಕಾಲು ಭಾಗ, 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರ ಕೊಡುತ್ತದೆ. ಈ ದರಗಳನ್ನು ಶೇ 36ರಷ್ಟು ಏರಿಸಲು 2025ರಲ್ಲಿ ಶಿಫಾರಸು ಆಗಿದೆ, ಸೇರುವಾಗ ಚಾಲ್ತಿಯ ದರ ಕೇಳಿ. 6,000ದ ಲೆಕ್ಕದಲ್ಲಿ ವರ್ಷಕ್ಕೆ 72,000. ತೋಟದ 1,08,000ಕ್ಕೆ ಹೋಲಿಸಿದರೆ 36,000 ಕಡಿಮೆ, ಸರಿಯಾಗಿ 80 ದಿನದ ಕೂಲಿ. ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಕಲಿಯುವವರು, ಕಾರ್ಮಿಕರಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್, ಫಿಟ್ಟರ್ ಆಗುವ ಹುಡುಗರಿಗೆ ಒಂದಷ್ಟು ದಿನದ ಕೂಲಿ ಕೊಟ್ಟು ಆ ಪ್ರಮಾಣಪತ್ರ ಕೊಳ್ಳುವುದು ಲಾಭವೇ. ಹತ್ತನೇ ತರಗತಿ ಮುಗಿಸಿ ಅಂಗಡಿಯ ಕೌಂಟರಿನಲ್ಲಿ ನಿಲ್ಲಿಸುವ 'ಅಪ್ರೆಂಟಿಸ್' ಕೆಲಸಕ್ಕೆ ನಾನು ಬೇಡವೆನ್ನುತ್ತೇನೆ. ಅಲ್ಲಿ ಕಲಿಯುವುದು ಕಡಿಮೆ, ಅಗ್ಗದ ಆಳು ಸಿಗುವುದು ಅಂಗಡಿಯವರಿಗೆ.

ಸಹಾಯಧನದ ಸಾಲ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಶುರುವಾದದ್ದು. ಹಳ್ಳಿಯ ಹೆಂಗಸರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಯೋಜನಾ ವೆಚ್ಚದ ಶೇ 35 ಸಹಾಯಧನ, ಸ್ವಂತ ಪಾಲು ಶೇ 5. ಇದನ್ನು ಕೇಳಿ ಎಲ್ಲರೂ 35ರ ಹಿಂದೆ ಓಡುತ್ತಾರೆ. ಉಳಿದದ್ದನ್ನು ನಾನು ಬಿಡಿಸಿ ಹೇಳುತ್ತೇನೆ.

ಐದು ಲಕ್ಷದ ಮಸಾಲೆ ಪುಡಿ ಗಿರಣಿ ಎನ್ನಿ. 25,000 ನೀವು ಹಾಕಬೇಕು, ಅದು ಸುಮಾರು 56 ದಿನದ ಕೂಲಿ. ಬ್ಯಾಂಕು 4,75,000 ಕೊಡುತ್ತದೆ. ಸಹಾಯಧನದ 1,75,000 ನಿಮ್ಮ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಅಷ್ಟು ಭಾಗದ ಸಾಲಕ್ಕೆ ಬಡ್ಡಿ ಇಲ್ಲ. ಉಳಿದ ಮೂರು ಲಕ್ಷಕ್ಕೆ ಶೇ 11ರ ಬಡ್ಡಿಯಲ್ಲಿ ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 6,500. ಒಟ್ಟು ಬಡ್ಡಿಯೇ 90,000 ದಾಟುತ್ತದೆ. ತಿಂಗಳಿಗೆ ಹದಿನಾಲ್ಕೂವರೆ ದಿನದ ಕೂಲಿಯಷ್ಟು ಹಣವನ್ನು ಗಿರಣಿ ಮೊದಲು ಬ್ಯಾಂಕಿಗೆ ದುಡಿದು, ಆಮೇಲೆ ನಿಮಗೆ ದುಡಿಯಬೇಕು. ಜುಲೈಯಲ್ಲಿ ಮರ ಬಿದ್ದು ನಾಲ್ಕೈದು ದಿನ ಕರೆಂಟ್ ಇಲ್ಲದಿದ್ದಾಗಲೂ ಕಂತಿನ ದಿನಾಂಕ ಬದಲಾಗುವುದಿಲ್ಲ. ಮೂರು ವರ್ಷದೊಳಗೆ ಘಟಕ ಮುಚ್ಚಿದರೆ ಠೇವಣಿಯ ಹಣ ಸರ್ಕಾರಕ್ಕೆ ಮರಳುತ್ತದೆ, ಸಾಲ ಪೂರ್ತಿ ನಿಮ್ಮ ತಲೆಗೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಮೂರು ಮಳೆಗಾಲ ದಾಟಿಸುವ ಧೈರ್ಯವಿದ್ದವರಿಗೆ ಮಾತ್ರ ಇದು. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರ, ಬ್ಯಾಂಕು, ತರಬೇತಿ ಎಂದು ಓಡಾಡುವ ದಿನಗಳಿಗೆ 15 ದಿನ ಬೇರೆಯೇ ಇಟ್ಟುಕೊಳ್ಳಿ. ಕುಟ್ಟದಿಂದ ಮಡಿಕೇರಿಗೆ ಹೋಗಿ ಸಹಿಯೊಂದಕ್ಕೆ ಕಾಯ್ದರೆ ಇಡೀ ದಿನ ಹೋಗುತ್ತದೆ.

ಕಾಫಿ ಪುಡಿ, ಉಪ್ಪಿನಕಾಯಿ, ಜೇನಿನಂಥ ಆಹಾರ ಘಟಕವಾದರೆ ಕಿರು ಆಹಾರ ಸಂಸ್ಕರಣಾ ಯೋಜನೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ಕೇಂದ್ರದ ಶೇ 35ರ ಮೇಲೆ ರಾಜ್ಯ ಇನ್ನೂ ಶೇ 15 ಸೇರಿಸಿ ಅರ್ಧದಷ್ಟು ಸಹಾಯಧನ ಕೊಡುತ್ತಿದೆ, ಆದರೆ ಸ್ವಂತ ಪಾಲು ಶೇ 10. ಕೈಯಲ್ಲಿ 50,000 ಇರುವವರಿಗೆ ಅದು, 25,000 ಇರುವವರಿಗೆ ಇದು.

ಬುಟ್ಟಿ ಹೆಣೆಯುವ ಮೇದರು, ದರ್ಜಿಗಳು, ಬಡಗಿಗಳು, ಗಾರೆ ಕೆಲಸದವರು ಇವೆರಡಕ್ಕೂ ಮುಂಚೆ ಪಿಎಂ ವಿಶ್ವಕರ್ಮ ಕೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಈ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಯ ದಿನಕ್ಕೆ 500 ರೂಪಾಯಿ ಕೊಡುತ್ತಾರೆ. ನನ್ನ ಕಾಲಂನಲ್ಲಿ ತಪ್ಪಿದ ಕೂಲಿ ಶೂನ್ಯ ಎಂದು ಬರೆದ ಒಂದೇ ಯೋಜನೆ ಇದು. ಉಪಕರಣಕ್ಕೆ 15,000, ಮೊದಲ ಸಾಲ ಒಂದು ಲಕ್ಷದವರೆಗೆ, ಶೇ 5 ಬಡ್ಡಿ, 18 ತಿಂಗಳು. ಪೂರ್ತಿ ಲಕ್ಷ ತೆಗೆದರೆ ಕಂತು ಸುಮಾರು 5,780 ಬರುತ್ತದೆ, ಆದ್ದರಿಂದ ಬೇಕಾದಷ್ಟೇ ತೆಗೆಯಿರಿ. ಒಂದು ಕುಟುಂಬಕ್ಕೆ ಒಬ್ಬರೇ. ಕಳೆದ ಐದು ವರ್ಷದಲ್ಲಿ ಉದ್ಯೋಗ ಸೃಜನ ಕಾರ್ಯಕ್ರಮದ ಸಾಲ ಪಡೆದವರಿಗೆ ಇದು ಸಿಗುವುದಿಲ್ಲ. ಆದ್ದರಿಂದ ಮೊದಲು ಯಾವ ಬಾಗಿಲು ತಟ್ಟುತ್ತೀರಿ ಎಂಬುದೇ ಇಲ್ಲಿ ಮುಖ್ಯ.

ಯುವನಿಧಿ ಕೆಲಸವಲ್ಲ, ಭತ್ಯೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿಬರುವ ಖರ್ಚು ಎಂದುಕೊಂಡರೆ ಉಪಯೋಗವಿದೆ.

ಸರ್ಕಾರದ ಜೇಬು

ನಮ್ಮ ಜೇಬಿನ ಲೆಕ್ಕ ಇಷ್ಟಾಯಿತು. ಪಿಎಫ್ ಕೆಲಸದ ರೋಜಗಾರ್ ಯೋಜನೆಗೆ 3.5 ಕೋಟಿ ಕೆಲಸಗಳ ಗುರಿಯಿಟ್ಟು 99,446 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಒಂದು ಕೆಲಸಕ್ಕೆ ಸುಮಾರು 28,400. ಉದ್ಯೋಗ ಖಾತರಿಯಲ್ಲಿ ಒಂದು ಕುಟುಂಬಕ್ಕೆ ನೂರು ದಿನದ ಕೂಲಿ 37,000. ನಮ್ಮ ಗಿರಣಿಯ ಸಹಾಯಧನ 1,75,000. ಮೊದಲನೆಯದು ಅಗ್ಗ ಎನ್ನಿಸುತ್ತದೆ, ಆದರೆ ಅದರ ಒಂದು ಪಾಲು ಮಾಲೀಕರಿಗೆ, ಪಿಎಫ್ ಇರುವ ಕಾರ್ಖಾನೆ, ಕಚೇರಿಗಳಿರುವ ಊರುಗಳಿಗೆ ಹೋಗುತ್ತದೆ. ರೈಲು ಇಲ್ಲದ, ದೊಡ್ಡ ಕಾರ್ಖಾನೆ ಇಲ್ಲದ ಕೊಡಗಿನ ಒಳಗಿನ ಹಾಡಿಗೆ, ಅಂದರೆ ಬುಡಕಟ್ಟಿನವರ ಕೇರಿಗೆ, ಬರುವುದು 37,000 ಮಾತ್ರ. ಅದು ದುಬಾರಿ ಎಂದು ಯಾರಾದರೂ ಹೇಳಿದರೆ, ಬೇರೆ ಯಾವ ಯೋಜನೆಯ ರೂಪಾಯಿ ಆ ಹಾಡಿಯವರೆಗೆ ನಡೆದು ಹೋಗಿದೆ ತೋರಿಸಿ ಎನ್ನುತ್ತೇನೆ.

ಕೊನೆಗೆ ಕಾಗದಗಳು. ಆಧಾರ್, ಬ್ಯಾಂಕ್ ಪುಸ್ತಕ, ಅಂಕಪಟ್ಟಿ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಂದಿಡಬೇಕು. ಇದನ್ನೆಲ್ಲ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಮಾಡಿಕೊಳ್ಳಿ. ಮೊದಲು ಹೇಳಿದೆನಲ್ಲ, ಯಂತ್ರ ಬೆರಳನ್ನು ಒಪ್ಪದ ಆ ಸದಸ್ಯೆ, ಅವರ ಮಗಳು ಪಿಯುಸಿ ಮುಗಿಸಿ ಜೂನ್‌ನ ತರಬೇತಿಗೆ ಹೊರಟಿದ್ದಾಳೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇತ್ತು. ಸರಿಪಡಿಸಲು ತಾಯಿ ಮಗಳಿಬ್ಬರೂ ಎರಡೆರಡು ದಿನ ಓಡಾಡಿದರು. ತಪ್ಪಿದ ಕೂಲಿ ಕಾಲಂನಲ್ಲಿ ಬರೆದುಕೊಂಡಿದ್ದೇನೆ: 4 ದಿನ, 1,800 ರೂಪಾಯಿ.